ಕ್ಲೇಟನ್ನಿನ ಉನ್ನತ ಪ್ರಾಧಿಕಾರ

ಮಂಗಳವಾರ, 9 ಮೇ 1950. ಆಧಾರ: ಫ್ರಾನ್ಸಿನ ವಿದೇಶಾಂಗ ಮಂತ್ರಿ ಅಂದು ಪ್ಯಾರಿಸ್ಸಿನಲ್ಲಿ ಓದಿದ ಘೋಷಣೆಯ ಮುದ್ರಿತ ಪಠ್ಯ. ಸಿಡ್ನಿಯ ಗ್ರಂಥಾಲಯವೊಂದರಲ್ಲಿ ಕುಳಿತು ಎರಡು ಪ್ರತಿಗಳನ್ನು ಹೋಲಿಸಿದ್ದೇನೆ. ವಾರವನ್ನು ಬೇರೆಯಾಗಿ ಲೆಕ್ಕ ಹಾಕಿ ಖಚಿತಪಡಿಸಿಕೊಂಡಿದ್ದೇನೆ. ಫ್ರಾನ್ಸ್ ಮತ್ತು ಜರ್ಮನಿಗಳ ಕಲ್ಲಿದ್ದಲು, ಉಕ್ಕುಗಳ ಉತ್ಪಾದನೆಯನ್ನು ಒಟ್ಟುಗೂಡಿಸಿ, ಎರಡಕ್ಕೂ ಮೇಲಾದ ಒಂದು ಉನ್ನತ ಪ್ರಾಧಿಕಾರದ ಕೈಗೆ ಒಪ್ಪಿಸಬೇಕೆಂಬುದು ಅದರ ಸಾರ. ಇಂದಿನ ಯುರೋಪಿನ ಒಕ್ಕೂಟ ಮೊಳೆತದ್ದು ಅಲ್ಲಿಂದ ಎಂದು ಇತಿಹಾಸಕಾರರು ಹೇಳುತ್ತಾರೆ. ನನ್ನ ಭಾವ ಹೇಳುವುದು ಬೇರೆ. ಅವರ ಪ್ರಕಾರ ಆ ಘೋಷಣೆ ಹೊರಟದ್ದು ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿರುವ ನನಗೂ ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿರುವ ನನ್ನ ತಮ್ಮನಿಗೂ ರಾಜಿ ಮಾಡಿಸುವ ಸಲುವಾಗಿ. ಯುರೋಪು ನಡುವೆ ಸಿಕ್ಕಿದ ಪ್ರಯೋಗಶಾಲೆ, ಅಷ್ಟೆ.

ತಮಾಷೆಗೆ ಹೇಳುವುದಾಗಿದ್ದರೆ ನನಗೆ ಸಿಟ್ಟು ಬರುತ್ತಿರಲಿಲ್ಲ. ಗಂಭೀರವಾಗಿ ಹೇಳುತ್ತಾರೆ, ಅದೂ ದಿನಾಂಕ ತಪ್ಪಾಗಿ ಹೇಳುತ್ತಾರೆ. "ಸುಮಾರು ನಲವತ್ತೊಂಬತ್ತು, ಐವತ್ತರ ಹತ್ತಿರ ಕಣಯ್ಯ" ಎನ್ನುತ್ತಾರೆ. ಸುಮಾರು! ಮೂವತ್ತೊಂದು ವರ್ಷ ಮಣ್ಣಿನ ಸಂಶೋಧನೆಯಲ್ಲಿ ಕಳೆದು, ಪ್ರತಿಯೊಂದು ಮಾದರಿಯ ಸೀಸೆಯ ಮೇಲೂ ದಿನ, ಗಂಟೆ, ಅಕ್ಷಾಂಶ ಬರೆದು ನಿವೃತ್ತನಾದವನ ಎದುರಿಗೆ ಆ ಪದವನ್ನು ಉಚ್ಚರಿಸುವುದು ಹಿಂಸೆಯ ಒಂದು ಪ್ರಕಾರವಲ್ಲದೆ ಮತ್ತೇನು?

ಈ ಬರಹಕ್ಕೆ ಕಾರಣ ನನ್ನ ಅಕ್ಕ. ಕಳೆದ ವಾರ ಫೋನ್ ಮಾಡಿದಳು.

"ನಿಮ್ಮ ಭಾವಂಗೆ ಎಂಬತ್ತು ತುಂಬತ್ತೆ ಕಣೋ. ಮಕ್ಕಳೆಲ್ಲ ಸೇರಿ ಒಂದು ಪುಸ್ತಕ ಪ್ರಿಂಟ್ ಮಾಡಿಸ್ತಿದಾರೆ. ನೀನೂ ನಾಲ್ಕು ಒಳ್ಳೆ ಮಾತು ಬರ್ಕೊಡು."

"ಒಳ್ಳೆ ಮಾತೇ ಆಗ್ಬೇಕಾ?"

"ಸಿಗದಿದ್ರೆ ನಿಜ ಬರಿ. ಫುಟ್‌ನೋಟ್ ಮಾತ್ರ ಹಾಕ್ಬೇಡ. ಯಾರೂ ಓದಲ್ಲ."

ನಿಜವನ್ನೇ ಬರೆಯುತ್ತಿದ್ದೇನೆ. ಅಡಿಟಿಪ್ಪಣಿಗಳನ್ನು ಅಕ್ಕನ ಮಾತಿಗೆ ಬೆಲೆ ಕೊಟ್ಟು ಒಡಲಿನಲ್ಲೇ ಅಡಗಿಸಿದ್ದೇನೆ.

ನನ್ನ ಭಾವ ಮೂಳೆ ವೈದ್ಯರು. ಮೆಲ್ಬರ್ನಿನಲ್ಲಿ ಅವರು ಕೂಡಿಸಿದ ಕೈಕಾಲುಗಳಿಗೆ ಲೆಕ್ಕವಿಲ್ಲ. ನಿವೃತ್ತರಾದ ಮೇಲೆ ಅದೇ ಊರಿನ ಕ್ಲೇಟನ್ ಬಡಾವಣೆಯ ಮನೆಯಲ್ಲಿ ಸುಮ್ಮನೆ ಕುಳಿತು ದಾಳಿಂಬೆ ಬಿಡಿಸುತ್ತಿದ್ದರೆ ಯಾರಿಗೇನು ತೊಂದರೆಯಾಗುತ್ತಿತ್ತು? ಆದರೆ ಒಂದು ದಿನ ಹತ್ತಿರದ ಲೈಬ್ರರಿಯವರು ಬೇಡವೆಂದು ಹೊರಗಿಟ್ಟಿದ್ದ ರಾಶಿಯಿಂದ ಯುರೋಪಿನ ಏಕೀಕರಣದ ಬಗ್ಗೆ ಒಂದು ದಪ್ಪ ಪುಸ್ತಕವನ್ನು ಎತ್ತಿಕೊಂಡು ಬಂದರು. ಲೈಬ್ರರಿಯವರು ಅದನ್ನು ಏಕೆ ಹೊರಗಿಟ್ಟಿದ್ದರೆಂದು ಒಂದು ಕ್ಷಣ ಯೋಚಿಸಬಾರದಿತ್ತೆ? ಯೋಚಿಸಲಿಲ್ಲ. ಓದಿದರು. ಮುಗಿಸಿ ಕನ್ನಡಕ ತೆಗೆದು ಅಕ್ಕನಿಗೆ ಹೇಳಿದರಂತೆ: "ನಿನ್ನ ತಮ್ಮಂದಿರ ಕೇಸಿಗೆ ಟ್ರೀಟ್‌ಮೆಂಟ್ ಸಿಕ್ತು."

ಕೇಸು ಯಾವುದೆಂದು ಹೇಳಬೇಕು. ಎಂಟು ವರ್ಷಗಳ ಹಿಂದೆ ನಮ್ಮ ಅಮ್ಮನ ಶ್ರಾದ್ಧ. ತಿಥಿ ಆಶ್ವಯುಜ ಬಹುಳ ನವಮಿ. ಶ್ರಾದ್ಧಕ್ಕೆ ಅಪರಾಹ್ನದಲ್ಲಿ, ಅಂದರೆ ಮಧ್ಯಾಹ್ನ ದಾಟಿದ ಹೊತ್ತಿನಲ್ಲಿ, ಆ ತಿಥಿ ಇರಬೇಕು. ಮೈಸೂರಿನಲ್ಲಿ ಇದು ಸಮಸ್ಯೆಯೇ ಅಲ್ಲ, ಪಂಚಾಂಗ ನೋಡಿದರಾಯಿತು. ಆದರೆ ಮೈಸೂರಿನಲ್ಲಿ ಬೆಳಗಾಗುವಾಗ ನಮ್ಮಲ್ಲಿ ಮಧ್ಯಾಹ್ನ. ಸಾಲದ್ದಕ್ಕೆ ಇಲ್ಲಿನವರು ಅಕ್ಟೋಬರ್ ಮೊದಲ ಭಾನುವಾರ ಗಡಿಯಾರವನ್ನೇ ಒಂದು ಗಂಟೆ ಮುಂದಕ್ಕೆ ತಳ್ಳುತ್ತಾರೆ. ಹೀಗಾಗಿ ಊರಿನ ಪಂಚಾಂಗವನ್ನು ಇಲ್ಲಿ ಹಾಗೆಯೇ ನಂಬಿದರೆ ತಿಥಿ ಒಂದು ದಿನ ಆಚೀಚೆ ಆಗುತ್ತದೆ. ನಾನು ಸಿಡ್ನಿಯ ಸೂರ್ಯೋದಯವನ್ನು ಹಿಡಿದು ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿಡುತ್ತೇನೆ. ಆ ವರ್ಷ ಬಂದದ್ದು ಮಂಗಳವಾರ. ತಮ್ಮನಿಗೂ ತಿಳಿಸಿದೆ.

ಮಂಗಳವಾರ ಮಧ್ಯಾಹ್ನ ಎಲೆ ಹಾಕುವ ಮುಂಚೆ ವಿಂಡಮ್ ವೇಲ್‌ಗೆ ಫೋನ್ ಮಾಡಿದೆ.

"ನಿಮ್ಮಲ್ಲಿ ಶುರುವಾಯ್ತೇನೋ?"

"ನಮ್ದು ನಿನ್ನೇನೇ ಆಯ್ತಲ್ಲ ಅಣ್ಣ."

ಸೋಮವಾರ! ಊರಿನ ಪಂಚಾಂಗ ಅವನ ಮನೆಯ ಗೋಡೆಗೆ ನೇತುಬಿದ್ದಿರುವುದು ನನಗೆ ಗೊತ್ತಿತ್ತು. ನನ್ನ ಮಾತನ್ನು ಬದಿಗೊತ್ತಿ ಅದನ್ನು ನೋಡಿಕೊಂಡಿದ್ದಾನೆ. "ಅಮ್ಮನ್ನ ಉಪವಾಸ ಕೆಡವಿದ್ಯಲ್ಲೋ" ಎಂದೆ. ಇನ್ನೂ ಹಲವು ಮಾತು ಹೇಳಿದೆ. ಅವು ಇಲ್ಲಿ ಬೇಡ. ಅವನು ಉತ್ತರವನ್ನೇ ಕೊಡಲಿಲ್ಲ. ಫೋನ್ ಇಟ್ಟ. ಒಂದೇ ಗಡಿಯಾರದ ಎರಡು ಊರುಗಳಲ್ಲಿ ಒಬ್ಬಳೇ ತಾಯಿಗೆ ಎರಡು ದಿನ ಶ್ರಾದ್ಧ. ಅಂದಿನಿಂದ ನಮಗೆ ಮಾತಿಲ್ಲ.

ಈ ಜಗಳಕ್ಕೆ ಭಾವ ತಂದ ಚಿಕಿತ್ಸೆ ನೋಡಿ. ಪುಸ್ತಕ ಓದಿದ ಎರಡನೆಯ ವಾರ ಬ್ಲ್ಯಾಕ್‌ಟೌನಿಗೆ ಬಂದಿಳಿದರು. ಕಾಫಿ ಕುಡಿದು ಲೋಟ ಕೆಳಗಿಟ್ಟು ಕೇಳಿದರು:

"ಯುದ್ಧ ಮಾಡೋಕೆ ಏನು ಬೇಕಯ್ಯ?"

"ಶತ್ರು."

"ಅಲ್ಲ. ಕಲ್ಲಿದ್ದಲು, ಉಕ್ಕು. ಅವೆರಡೂ ಸಪರೇಟಾಗಿ ಕೈಲಿಲ್ದಿದ್ರೆ ಎಷ್ಟೇ ಸಿಟ್ಟಿದ್ರೂ ತೋಪು ಮಾಡೋಕಾಗಲ್ಲ. ನೀನೂ ನಿನ್ನ ತಮ್ಮನೂ ಯುದ್ಧ ಮಾಡ್ತಿರೋದು ಯಾವುದ್ರಿಂದ?"

ಅವರು ಮೇಜಿನ ಮೇಲಿದ್ದ ನನ್ನ ನೋಟ್‌ಬುಕ್ಕನ್ನು ಎತ್ತಿ ಕೈಚೀಲಕ್ಕೆ ಹಾಕಿಕೊಂಡರು. ಹನ್ನೊಂದು ವರ್ಷಗಳ ಲೆಕ್ಕ! ಕೈಚೀಲದೊಳಗೆ ಇಣುಕಿದರೆ ವಿಂಡಮ್ ವೇಲ್‌ನ ಗೋಡೆಯ ಪಂಚಾಂಗ ಆಗಲೇ ಅಲ್ಲಿ ಸುರುಳಿಯಾಗಿ ಮಲಗಿತ್ತು.

"ಎರಡೂ ಇನ್ಮೇಲೆ ಹೈ ಅಥಾರಿಟಿ ವಶದಲ್ಲಿರತ್ತೆ" ಎಂದರು.

"ಯಾರದು ಹೈ ಅಥಾರಿಟಿ?"

"ನಾನು. ಹೆಡ್ಡಾಫೀಸು ಕ್ಲೇಟನ್. ನಿಮ್ಮಕ್ಕನ ಬೆಡ್‌ಶೀಟ್ ಬೀರು."

ತಿಥಿ ಬೇಕಾದರೆ ಇಬ್ಬರೂ ಅವರನ್ನೇ ಕೇಳಬೇಕು. ಫೋನಿನ ಆಪ್‌ಗಳನ್ನು ನಾನು ನಂಬುವವನಲ್ಲ; ಹೊಸದಾಗಿ ಲೆಕ್ಕ ಹಾಕಬಹುದಿತ್ತು, ಆದರೆ ಹಾಕುವುದಿಲ್ಲವೆಂದು ಭಾವ ಅಮ್ಮನ ಫೋಟೋದ ಮುಂದೆ ನನ್ನಿಂದ ಮಾತು ತೆಗೆದುಕೊಂಡು ಹೋದರು. ಆ ವರ್ಷ ಕೇಳಿದೆ. ಒಂದು ದಿನ ಹೇಳಿದರು, ಮಾಡಿದೆ. ಮರುವರ್ಷವೂ ಹಾಗೆಯೇ. ಮೂರನೆಯ ವರ್ಷ ನನ್ನ ಹೆಂಡತಿಯ ಬಾಯಿಂದ ವಿಷಯ ಹೊರಬಿತ್ತು: ತಮ್ಮನಿಗೂ ಅದೇ ದಿನ ಹೇಳುತ್ತಿದ್ದರು! ಮೂರು ವರ್ಷಗಳಿಂದ ನಾನು ಅರಿವಿಲ್ಲದೆ ಶತ್ರುವಿನ ಜೊತೆ, ಅದೇ ಹೊತ್ತಿನಲ್ಲಿ, ಅದೇ ಪಿಂಡ ಇಡುತ್ತಿದ್ದೆ. ನನ್ನನ್ನು ಕೇಳದೆ ನನ್ನನ್ನು ಒಂದುಗೂಡಿಸಲಾಗಿತ್ತು.

ಇಷ್ಟಕ್ಕೇ ನಿಂತಿದ್ದರೆ ಕ್ಷಮಿಸುತ್ತಿದ್ದೆ. ಆದರೆ ಯುರೋಪು ಕಲ್ಲಿದ್ದಲಿಗೆ ನಿಲ್ಲಲಿಲ್ಲವಲ್ಲ, ಭಾವ ಹೇಗೆ ನಿಂತಾರು? ಸೋಮವಾರ, 25 ಮಾರ್ಚ್ 1957ರಂದು ಆರು ದೇಶಗಳು ರೋಮಿನಲ್ಲಿ ಸೇರಿ ಪರಸ್ಪರ ಸುಂಕಗಳನ್ನು ಕ್ರಮೇಣ ತೆಗೆದುಹಾಕುವ ಒಪ್ಪಂದಕ್ಕೆ ಸಹಿ ಹಾಕಿದವು. (ಭಾವನ ಪ್ರಕಾರ "ಐವತ್ತೆಂಟೋ ಏನೋ." ಜಾರಿಗೆ ಬಂದದ್ದು 1 ಜನವರಿ 1958, ಸಹಿಗೂ ಜಾರಿಗೂ ಇರುವ ವ್ಯತ್ಯಾಸ ಅವರಿಗೆ ಈ ಜನ್ಮದಲ್ಲಿ ತಿಳಿಯುವುದಿಲ್ಲ.) ನಮ್ಮಲ್ಲಿ ವ್ಯಾಪಾರ ಶುರುವಾದದ್ದು ಕರಿಬೇವಿನಿಂದ. ನನ್ನ ಹಿತ್ತಲಿನಲ್ಲಿ ಕರಿಬೇವು ಮರವಾಗಿ ನಿಂತಿದೆ. ಮೆಲ್ಬರ್ನಿನ ಚಳಿಗೆ ಅದು ಕುಂಡದಲ್ಲೇ ಬೋಳಾಗುತ್ತದೆ. "ನಿಮ್ಮಕ್ಕಂಗೆ ಕರಿಬೇವಿನ ಚಟ್ನಿಪುಡಿ ಇಲ್ದೆ ಊಟ ಸೇರಲ್ಲ" ಎಂದು ಭಾವ ಕೊರಗಿದ್ದಕ್ಕೆ ಕರಗಿ, ಯಾರು ಮೆಲ್ಬರ್ನಿಗೆ ಹೊರಟರೂ ಚಟ್ನಿಪುಡಿಯ ಡಬ್ಬಿ ಕಳುಹಿಸುತ್ತಿದ್ದೆ. ಡಬ್ಬಿ ಖಾಲಿ ಬರುತ್ತಿರಲಿಲ್ಲ. ಅದರ ತುಂಬ ನಿಪ್ಪಟ್ಟು. ಅಂಥ ನಿಪ್ಪಟ್ಟನ್ನು ನಾನು ಅಮ್ಮ ಹೋದ ಮೇಲೆ ತಿಂದಿರಲಿಲ್ಲ.

ಒಂದು ದಿನ ಫೋನಿನಲ್ಲಿ ಅಕ್ಕನನ್ನು ಹೊಗಳಿದೆ. "ಅಕ್ಕ, ನಿನ್ನ ನಿಪ್ಪಟ್ಟಿನಲ್ಲಿ ಥೇಟ್ ಅಮ್ಮನ ಕೈ ಇದೆ."

"ನಾನು ನಿಪ್ಪಟ್ಟು ತಟ್ಟಿ ಹತ್ತು ವರ್ಷ ಆಯ್ತಲ್ಲೋ, ಮಂಡಿನೋವಲ್ಲಿ ಯಾರು ಒಲೆ ಮುಂದೆ ನಿಂತ್ಕೊಳ್ತಾರೆ? ಅದು ನಿನ್ನ ತಮ್ಮ ಕಳಿಸೋದು. ನಿನ್ನ ಚಟ್ನಿಪುಡಿ ಅವನಿಗೆ ಹೋಗತ್ತೆ."

ಆ ಕ್ಷಣದಲ್ಲಿ ನನ್ನ ಬಾಯಲ್ಲಿ ಅರ್ಧ ನಿಪ್ಪಟ್ಟಿತ್ತು. ಸ್ವಾಭಿಮಾನಿಯಾದವನು ಏನು ಮಾಡಬೇಕು? ಉಗುಳಬೇಕು. ನಾನು ಅಗಿದು ನುಂಗಿ, ಆಮೇಲೆ ಭಾವನಿಗೆ ಫೋನ್ ಮಾಡಿ ಕೂಗಾಡಿದೆ. ಅವರು ಶಾಂತವಾಗಿ ಕೇಳಿಸಿಕೊಂಡು, "ಡ್ಯೂಟಿ ಫ್ರೀ ಕಣಯ್ಯ" ಎಂದರು.

ಮುಂದಿನ ಬಾರಿ ಒಂದು ಹಾಳೆ ಹಿಡಿದು ಬಂದರು. ತಲೆಯಲ್ಲಿ "ಕೆಳಗೆ ಸಹಿ ಮಾಡಿರುವ ಸೋದರರು ಒಪ್ಪಿರುವುದೇನೆಂದರೆ" ಎಂದಿತ್ತು. ಬುಡದಲ್ಲಿ ತಮ್ಮನ ಸಹಿಯಿತ್ತು. ನಡುವೆ ಬಿಳಿ ಬಯಲು.

"ಏನು ಒಪ್ಪಿದೀವಿ ಅಂತ ಬರೆದೇ ಇಲ್ವಲ್ಲ."

"ರೋಮಲ್ಲೂ ಬರೆದಿರ್ಲಿಲ್ಲ. ಪ್ರಿಂಟಾಗೋದು ಲೇಟಾಯ್ತು, ಖಾಲಿ ಹಾಳೆಗೇ ಸಹಿ ಹಾಕಿದ್ರು."

ಈ ಸಲ ಸಿಕ್ಕಿಬಿದ್ದರು ಎಂದುಕೊಂಡೆ. ಇಷ್ಟು ದೊಡ್ಡ ಸುಳ್ಳು! ಅವರನ್ನು ಅತಿಥಿಗಳ ಕೋಣೆಯಲ್ಲಿ ಬಿಟ್ಟು ಮೂರು ದಿನ ಗ್ರಂಥಾಲಯದಲ್ಲಿ ಕುಳಿತೆ. ಮೂರನೆಯ ದಿನ ಮಧ್ಯಾಹ್ನ ತಿಳಿಯಿತು: ನಿಜವಂತೆ. ಅಂದು ಮುಂದಿಟ್ಟ ಕಟ್ಟಿನಲ್ಲಿ ಬಹುಪಾಲು ಹಾಳೆಗಳು ಖಾಲಿಯಿದ್ದವೆಂದು ಅಲ್ಲಿದ್ದವರೇ ಹೇಳಿದ್ದಾರೆ. ಈ ಮನುಷ್ಯನಿಗೆ ಒಂದು ದಿನಾಂಕವೂ ಸರಿಯಾಗಿ ಬಾರದು, ಆದರೆ ನಡೆದದ್ದು ಏನೆಂದು ಹೇಗೋ ಗೊತ್ತಿರುತ್ತದೆ. ಇದಕ್ಕಿಂತ ಕೆರಳಿಸುವ ಗುಣ ಇನ್ನಾವುದಿದೆ? ಮನೆಗೆ ಬಂದು ಸಹಿ ಹಾಕಿದೆ. ಪಕ್ಕದಲ್ಲಿ ದಿನ, ಗಂಟೆ, "ಹಾಳೆ ಖಾಲಿ ಇರುವಾಗ ಸಹಿ ಮಾಡಲಾಗಿದೆ" ಎಂಬ ಷರಾ. ಅವರು ಷರಾದ ಮೇಲೆಯೇ ಬರೆದರು: ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮೂರು ಮನೆಯವರೂ ವಿಡಿಯೋ ಕಾಲಿಗೆ ಬರತಕ್ಕದ್ದು.

ಆ ಕಾಲಿಗೆ ಒಂದು ಸಲ ಕ್ಲೇಟನ್ನಿನ ಪಕ್ಕದ ಮನೆಯ ಮಂಗಳೂರಿನ ಕೊಂಕಣಿ ಆಂಟಿ ಸಿಕ್ಕಿಬಿದ್ದರು. ಕ್ಯಾಮೆರಾದಲ್ಲಿ ಅವರ ಕೈ ಕಂಡಿತು. ಭಾವ ಎದ್ದು ನಿಂತು ವಿನಯದಿಂದ ಹೇಳಿದರು:

"ಬ್ರಿಟನ್ನನ್ನ ಎರಡು ಸಲ ರಿಜೆಕ್ಟ್ ಮಾಡಿ ಆಮೇಲೆ ಸೇರಿಸ್ಕೊಂಡ್ರು ಮೇಡಮ್. ನಿಮ್ಮನ್ನೂ ಹಾಗೇ ಮಾಡ್ಬೇಕಾಗತ್ತೆ. ಬೇಜಾರು ಮಾಡ್ಕೋಬೇಡಿ."

"ನಾನು ಅರ್ಜಿ ಎಲ್ಲಿ ಹಾಕಿದ್ದು ಡಾಕ್ಟ್ರೇ? ನಿಮ್ಮ ಇಡ್ಲಿ ಪಾತ್ರೆ ವಾಪಸ್ ಕೊಡ್ಲಿಕ್ಕೆ ಬಂದದ್ದು ಮಾರಾಯ್ರೇ."

ಎರಡು ಭಾನುವಾರ ಅವರನ್ನು ತಿರಸ್ಕರಿಸಿ, ಮೂರನೆಯ ಭಾನುವಾರ ಅವರ ಸಾನ್ನಣವೆಂಬ ಇಡ್ಲಿಯ ಸಮೇತ ಬರಮಾಡಿಕೊಂಡರು. (ತಿರಸ್ಕಾರಗಳು 1963 ಮತ್ತು 1967, ಪ್ರವೇಶ 1 ಜನವರಿ 1973. ಭಾವ ಮೂರನ್ನೂ "ಅರವತ್ತರ ದಶಕ" ಎಂಬ ಒಂದೇ ಚೀಲಕ್ಕೆ ತುಂಬುತ್ತಾರೆ.)

ಈ ನಾಟಕ ಸಾಕೆನಿಸಿ ನಾನು ವಿಡಿಯೋ ಕಾಲಿಗೆ ಹೋಗುವುದನ್ನು ನಿಲ್ಲಿಸಿದೆ. ಹೆಂಡತಿ ಒಬ್ಬಳೇ ಕೂರುತ್ತಿದ್ದಳು. ಪಕ್ಕದಲ್ಲಿ ನನ್ನ ಕುರ್ಚಿ ಖಾಲಿ. ಭಾವನ ಮುಖ ಸಪ್ಪಗಾದೀತೆಂದು ಬಾಗಿಲ ಮರೆಯಿಂದ ನೋಡಿದರೆ ಆ ಮುಖ ಅರಳಿತ್ತು! 1965ರಲ್ಲಿ ಫ್ರಾನ್ಸ್ ಕೂಡ ಮುನಿಸಿಕೊಂಡು ಸಭೆಗಳಲ್ಲಿ ತನ್ನ ಕುರ್ಚಿಯನ್ನು ಖಾಲಿ ಬಿಟ್ಟಿತ್ತಂತೆ. "ನಮ್ದು ಕರೆಕ್ಟಾಗಿ ನಡೀತಿದೆ" ಎಂದು ಅಕ್ಕನಿಗೆ ಹೇಳುತ್ತಿದ್ದರು. ನಾನು ಜಗಳವಾಡಿದರೂ ಅವರ ಪಠ್ಯಕ್ರಮದೊಳಗೇ ಇದ್ದೆ. ಫ್ರಾನ್ಸ್ ಮರಳಿದ್ದು ಜನವರಿ 1966ರ ಕೊನೆಯಲ್ಲಿ, ಏಳು ತಿಂಗಳಿಗೆ. ಆ ಸಾಮ್ಯವನ್ನಾದರೂ ಮುರಿಯೋಣವೆಂದು ನಾನು ಎಂಟು ತಿಂಗಳು ಕಾದು ಕುರ್ಚಿಗೆ ಬಂದೆ.

"ಫ್ರಾನ್ಸೂ ಸುಮಾರು ಎಂಟೇ" ಎಂದರು ಭಾವ.

"ಏಳು."

"ಹಾಗಾದ್ರೆ ನೀನು ಫ್ರಾನ್ಸಿಗಿಂತ ಒಂದು ತಿಂಗಳು ಜಾಸ್ತಿ ಹಟಮಾರಿ."

ಪರದೆಯ ಇನ್ನೊಂದು ಚೌಕದಲ್ಲಿ ತಮ್ಮ ತಲೆ ತಗ್ಗಿಸಿದ. ನಕ್ಕನೋ ಏನೋ, ನಾನು ನೋಡಲಿಲ್ಲ.

ಬ್ರಿಟನ್ ಒಕ್ಕೂಟವನ್ನು ಬಿಟ್ಟು ಹೊರಬಿದ್ದ ದಿನ ನನಗೆ ಸಿಕ್ಕಿದ ಒಂದೇ ಹಬ್ಬ. ಲಂಡನ್ನಿನಲ್ಲಿ 31 ಜನವರಿ 2020, ರಾತ್ರಿ ಹನ್ನೊಂದು. ನಮ್ಮಲ್ಲಿ ಫೆಬ್ರವರಿ 1, ಶನಿವಾರ, ಬೆಳಿಗ್ಗೆ ಹತ್ತು. ಸರಿಯಾಗಿ ಹತ್ತಕ್ಕೆ ಭಾವನಿಗೆ ಫೋನ್ ಮಾಡಿ, "ನಿಮ್ಮ ಯುರೋಪು ಒಡೀತಲ್ಲ" ಎಂದೆ. ಗೆದ್ದೆ ಎಂದುಕೊಂಡೆ.

"ಬಿಟ್ಟು ಹೋಗೋಕೂ ಮೂರೂವರೆ ವರ್ಷ ಎದುರುಬದುರು ಕೂತು ಮಾತಾಡಿದ್ರಲ್ಲಯ್ಯ ಅವರು. ನೀವಿಬ್ರು ಮೂರೂವರೆ ನಿಮಿಷ ಆಡಿದೀರಾ?"

ಮತದಾನವಾದದ್ದು 23 ಜೂನ್ 2016. ಮೂರು ವರ್ಷ, ಏಳು ತಿಂಗಳು, ಎಂಟು ದಿನ. ಮೂರೂವರೆಯಲ್ಲ. ಆದರೆ ಅದನ್ನು ಹೇಳುವಷ್ಟರಲ್ಲಿ ಫೋನ್ ಇಟ್ಟಿದ್ದರು.

ಈಗ ಈ ವರ್ಷದ ಮಾತು. ಎಂಬತ್ತು ತುಂಬುವ ಈ ಮನುಷ್ಯನಿಗೆ ಒಂದೇ ಆಸೆ. ಬರುವ ನವಮಿಗೆ ಅಮ್ಮನ ಶ್ರಾದ್ಧ ಒಂದೇ ಮನೆಯಲ್ಲಿ, ವಿಂಡಮ್ ವೇಲ್‌ನಲ್ಲಿ, ಇಬ್ಬರೂ ಪಕ್ಕಪಕ್ಕ ಕುಳಿತು ಮಾಡಬೇಕು. ನಾನು ಒಪ್ಪಿದೆ, ಒಂದು ಷರತ್ತಿನ ಮೇಲೆ. ಎಂಟು ವರ್ಷಗಳ ಹಿಂದಿನ ಆ ಸೋಮವಾರ ತನ್ನ ತಪ್ಪೆಂದು ತಮ್ಮ ಬರೆದುಕೊಡಬೇಕು. ಒಂದು ಸಾಲು ಸಾಕು. ಇಲ್ಲದಿದ್ದರೆ ನಾನು ಬ್ಲ್ಯಾಕ್‌ಟೌನಿನಲ್ಲಿಯೇ ಮಾಡುತ್ತೇನೆ, ಈ ವರ್ಷವೂ, ಇನ್ನು ಮುಂದೆಯೂ.

"ತಪ್ಪು ಯಾರ್ದು ಅಂತ ಮೊದ್ಲು ತೀರ್ಮಾನ ಆಗ್ಲಿ ಅಂತ ಕಾದಿದ್ರೆ ಅವರು ಇವತ್ತೂ ಗುಂಡು ಹಾರಿಸ್ತಿರ್ತಿದ್ರು ಕಣಯ್ಯ" ಎಂದರು ಭಾವ. "ಮುರಿದ ಮೂಳೆನ ಯಾಕೆ ಮುರಿದೆ ಅಂತ ನಾನು ಯಾವತ್ತೂ ಕೇಳಿಲ್ಲ. ಪಕ್ಕಪಕ್ಕ ಇಟ್ಟು ಕಟ್ಟು ಹಾಕ್ತಿದ್ದೆ. ಅದೇ ಕೂಡ್ಕೊಳ್ತಿತ್ತು."

"ನಾನು ಮೂಳೆಯಲ್ಲ."

ಹೀಗಿರುವಾಗ ಅಕ್ಕನ ಪುಸ್ತಕಕ್ಕೆ ಇದನ್ನು ಬರೆಯಲು ಕುಳಿತೆ. ಎಲ್ಲರ ಕೈಗೆ ಹೋಗುವ ಪುಸ್ತಕ. ಸೋಮವಾರದ ಸಂಗತಿ ಅಚ್ಚಾಗಲಿ, ತಮ್ಮ ಓದಲಿ ಎಂದುಕೊಂಡೆ. ನಿನ್ನೆ ಬೆಳಿಗ್ಗೆ ಬರೆದಷ್ಟನ್ನು ಭಾವನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರನ್ನೇ ಬೈದ ಸಾಲುಗಳಿಗೆಲ್ಲ ನಗುತ್ತಿದ್ದವರು ಆ ಸೋಮವಾರಕ್ಕೆ ಬಂದಾಗ ನನ್ನನ್ನು ತಡೆದರು.

"ಅದೊಂದು ತೆಗೆದುಬಿಡು."

"ಯಾಕೆ? ನಡೆದದ್ದು ತಾನೆ?"

"ಡೇಟು ಚೆಕ್ ಮಾಡಿದ್ಯಾ?"

ನನ್ನನ್ನು ಈ ಪ್ರಶ್ನೆ ಕೇಳಿದವರು ಈವರೆಗೆ ಯಾರೂ ಇಲ್ಲ. ಅದೂ ಇವರು ಕೇಳುವುದೇ? ಕೋಪದಿಂದ ಫೋನ್ ಇಟ್ಟೆ. ಕಂಪ್ಯೂಟರ್ ತೆರೆದು ಎಂಟು ವರ್ಷಗಳ ಹಿಂದಿನ ಇಮೇಲ್‌ಗಳನ್ನು ಹುಡುಕಿದೆ.

ತಮ್ಮನಿಗೆ ನಾನು ಕಳುಹಿಸಿದ್ದು ಸಿಕ್ಕಿತು. ಅದರಲ್ಲಿದ್ದುದು ಸೋಮವಾರ. ಗಡಿಯಾರ ಮುಂದಕ್ಕೆ ಹೋದ ಒಂದು ಗಂಟೆಯನ್ನು ನಾನು ಮರೆತಿದ್ದೆ. ಎರಡು ದಿನ ಬಿಟ್ಟು ನನಗೇ ಅದು ಹೊಳೆದಿದೆ. ಮಂಗಳವಾರವೆಂದು ತಿದ್ದಿ ಇನ್ನೊಂದು ಪತ್ರ ಬರೆದಿದ್ದೇನೆ. ಅದರ ಕೊನೆಯಲ್ಲಿ "ಈ ಸಮಯವನ್ನು ಮತ್ತೊಂದು ಆಧಾರದೊಡನೆ ಹೋಲಿಸಿ ನಂತರ ಕಳುಹಿಸತಕ್ಕದ್ದು" ಎಂದು ನನಗೆ ನಾನೇ ಸೂಚನೆ ಕೊಟ್ಟುಕೊಂಡಿದ್ದೇನೆ. ಹೋಲಿಸಿರಬೇಕು, ನಾನಂತೂ ಮಂಗಳವಾರವೇ ಮಾಡಿದೆ. ಪತ್ರ ಮಾತ್ರ ತಮ್ಮನಿಗೆ ಹೋಗದೆ ಡ್ರಾಫ್ಟ್ಸ್ ಎಂಬ ಕಡೆ ಇನ್ನೂ ಹಾಗೆಯೇ ಇದೆ.

ಮತ್ತೆ ಭಾವನಿಗೆ ಫೋನ್ ಮಾಡಿದೆ.

"ನೋಡಿದ್ಯಾ" ಎಂದರು.

"ನಿಮಗೆ ಯಾವಾಗ ಗೊತ್ತಾಯ್ತು?"

"ಅವತ್ತೇ. ನಿನ್ನ ತಮ್ಮ ಫೋನಲ್ಲಿ ಆ ಇಮೇಲ್ ತೋರಿಸ್ದ. ತೋರಿಸಿ, ಅಣ್ಣಂಗೆ ಹೇಳ್ಬೇಡಿ ಭಾವ ಅಂದ. ಅಮ್ಮನ ತಿಥಿ ಲೆಕ್ಕ ತಪ್ಪಾಗಿ ಹಾಕಿದ್ದು ತಾನೇ ಅಂತ ಗೊತ್ತಾದ್ರೆ ಅಣ್ಣ ತಡ್ಕೊಳಲ್ಲ, ನನ್ನ ಮೇಲೆ ಸಿಟ್ಟಾಗೇ ಇರ್ಲಿ ಬಿಡಿ ಅಂದ." ಆಮೇಲೆ ಸೇರಿಸಿದರು: "ನಾನೇನ್ಮಾಡ್ಲಿ? ತಪ್ಪು ಯಾರ್ದು ಅಂತ ಕೇಳ್ದೇನೇ ರಾಜಿ ಮಾಡ್ಸೋ ದಾರಿ ಒಂದೇ ಒಂದು ಪುಸ್ತಕದಲ್ಲಿ ಸಿಕ್ತು."

ಸೋಮವಾರದ ಭಾಗವನ್ನು ತೆಗೆಯುವುದಿಲ್ಲ. ಬರೆದ ಹಾಗೆಯೇ ಇರಲಿ. ಕೆಳಗೆ ಈ ತಿದ್ದುಪಡಿಯೂ ಇರಲಿ. ನನ್ನ ನೆನಪಿನ ಪ್ರಕಾರ ತಮ್ಮ ನನ್ನ ಮಾತನ್ನು ಬದಿಗೊತ್ತಿ, ಒಂದು ಉತ್ತರವನ್ನೂ ಕೊಡದೆ, ತನಗೆ ತೋಚಿದ ದಿನ ಶ್ರಾದ್ಧ ಮಾಡಿದ. ದಾಖಲೆಯ ಪ್ರಕಾರ ಸೋಮವಾರವೆಂದ ನನ್ನ ಇಮೇಲ್ ತಲುಪಿದ ಇಪ್ಪತ್ತು ನಿಮಿಷಕ್ಕೆ ಅವನಿಂದ ಉತ್ತರ ಬಂದಿದೆ. ಎಂಟು ವರ್ಷ ಅದನ್ನು ನಾನು ತೆರೆದಿರಲಿಲ್ಲ. ಅದರಲ್ಲಿರುವುದು ಇಷ್ಟು: "ಸರಿ ಅಣ್ಣ, ನೀನು ಹೇಳಿದ ದಿನವೇ ಮಾಡ್ತೀನಿ. ನೀನೂ ಇಲ್ಲಿಗೇ ಬಂದ್ರೆ ಚೆನ್ನಾಗಿರತ್ತೆ, ನನಗೆ ಮಂತ್ರ ಅರ್ಧ ಬರಲ್ಲ."